ಊಟ ಬಿಟ್ಟ ಹೆಬ್ಬಾವು ನಿಮ್ಮ ಅಳತೆ ತೆಗೆದುಕೊಳ್ಳುತ್ತಿಲ್ಲ: ಹಾವುಗಳಿಗೆ ಮನೆ ಕಟ್ಟಿದ ಜೋನ್ ಪ್ರಾಕ್ಟರ್ ಬದುಕು ಏನು ಹೇಳುತ್ತದೆ?

ಈ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಒಬ್ಬ ಮಹಿಳೆ ಮನೆಯಲ್ಲಿ ಹೆಬ್ಬಾವು ಸಾಕಿರುತ್ತಾಳೆ. ಅದು ಇದ್ದಕ್ಕಿದ್ದಂತೆ ಊಟ ಬಿಡುತ್ತದೆ. ರಾತ್ರಿ ಅವಳ ಪಕ್ಕದಲ್ಲಿ ಉದ್ದಕ್ಕೆ ಚಾಚಿ ಮಲಗುತ್ತದೆ. ಗಾಬರಿಯಾಗಿ ಅವಳು ವೈದ್ಯರ ಬಳಿ ಹೋದರೆ, ಹಾವು ನಿಮ್ಮನ್ನು ನುಂಗಲು ಹೊಟ್ಟೆ ಖಾಲಿ ಮಾಡಿಕೊಳ್ಳುತ್ತಿದೆ, ನಿಮ್ಮ ಉದ್ದ ಅಳೆಯುತ್ತಿದೆ ಎಂದು ಅವರು ಹೇಳುತ್ತಾರೆ. ಕೊನೆಗೊಂದು ನೀತಿ: ಹತ್ತಿರದವರನ್ನೂ ನಂಬಬೇಡಿ!

ಕಥೆ ಚೆನ್ನಾಗಿದೆ. ಆದರೆ ಸುಳ್ಳು. ಇದರಲ್ಲಿ ಊರಿನ ಹೆಸರಿಲ್ಲ, ವೈದ್ಯರ ಹೆಸರಿಲ್ಲ, ದಿನಾಂಕವಿಲ್ಲ. ಇದು ಎಷ್ಟೋ ವರ್ಷಗಳಿಂದ ಬೇರೆ ಬೇರೆ ಭಾಷೆಗಳಲ್ಲಿ ಸುತ್ತುತ್ತಲೇ ಇದೆ.

ಹಾಗಾದರೆ ಹಾವು ಊಟ ಬಿಡುವುದು ಯಾಕೆ? ಇದಕ್ಕೆ ಉತ್ತರ ಕೊಡಲು ನಾವು ಇಂದು ಒಬ್ಬರ ಜೀವನ ಕಥೆ ಹೇಳುತ್ತೇವೆ. ಅವರು ಸುಮಾರು 100 ವರ್ಷಗಳ ಹಿಂದೆ ಲಂಡನ್ ಮೃಗಾಲಯದಲ್ಲಿ ಹಾವು, ಮೊಸಳೆ, ಉಡಗಳನ್ನು ನೋಡಿಕೊಳ್ಳುತ್ತಿದ್ದ ಜೋನ್ ಪ್ರಾಕ್ಟರ್. ಹ್ಯಾರಿ ಪಾಟರ್ ಮೊದಲ ಸಿನಿಮಾದಲ್ಲಿ ಹುಡುಗ ಗಾಜಿನ ಹಿಂದಿರುವ ಹಾವಿನ ಜೊತೆ ಮಾತನಾಡುವ ದೃಶ್ಯ ನೆನಪಿದೆಯಾ? ಅದನ್ನು ಚಿತ್ರೀಕರಿಸಿದ ಕಟ್ಟಡದ ವಿನ್ಯಾಸ ಜೋನ್ ಅವರದು.

ಊಟದ ಮೇಜಿನ ಮೇಲೆ ಹಲ್ಲಿ

ಜೋನ್ ಬೀಚಮ್ ಪ್ರಾಕ್ಟರ್ ಹುಟ್ಟಿದ್ದು 1897ರ ಆಗಸ್ಟ್ 5ರಂದು, ಲಂಡನ್ನಿನಲ್ಲಿ. ತಂದೆ ಷೇರು ವ್ಯವಹಾರದವರು. ತಾಯಿ ಚಿತ್ರ ಬರೆಯುವವರು. ತಾಯಿಯ ಕಡೆಯ ಅಜ್ಜನಿಗೆ ಪ್ರಕೃತಿ ಅಧ್ಯಯನದ ಹುಚ್ಚು. ಇಷ್ಟೆಲ್ಲ ಇದ್ದ ಮನೆಯಲ್ಲಿ ಮಗುವಿಗೆ ಗಿಡ, ಹುಳ, ಪ್ರಾಣಿಗಳ ಮೇಲೆ ಆಸಕ್ತಿ ಹುಟ್ಟಿದ್ದು ಆಶ್ಚರ್ಯವಲ್ಲ. ಆದರೆ ಆ ಆಸಕ್ತಿ ನಾಯಿ, ಬೆಕ್ಕುಗಳ ಕಡೆ ಹೋಗಲಿಲ್ಲ. ಹಾವು, ಹಲ್ಲಿ, ಕಪ್ಪೆಗಳ ಕಡೆ ಹೋಯಿತು.

10 ವರ್ಷ ತುಂಬುವಷ್ಟರಲ್ಲಿ ಅವಳ ಬಳಿ ಹಲವು ಹಾವು, ಹಲ್ಲಿಗಳಿದ್ದವು. ಅವುಗಳಲ್ಲಿ ಅಚ್ಚುಮೆಚ್ಚಿನದು ಯುರೋಪಿನ ಡಾಲ್ಮೇಷಿಯಾ ಪ್ರದೇಶದ ಒಂದು ದೊಡ್ಡ ಹಲ್ಲಿ. ಅವಳು ಊರಿಗೆ ಹೋದರೆ ಅದೂ ಹೋಗುತ್ತಿತ್ತು. ಊಟಕ್ಕೆ ಕುಳಿತರೆ ಅದೂ ಮೇಜಿನ ಹತ್ತಿರ ಇರುತ್ತಿತ್ತು. 16ನೇ ವಯಸ್ಸಿನಲ್ಲಿ ಅವಳಿಗೆ ಒಂದು ಮರಿ ಮೊಸಳೆ ಸಿಕ್ಕಿತು. ಅದನ್ನು ಅವಳು ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಯ ಗಣಿತದ ತರಗತಿಗೆ ತೆಗೆದುಕೊಂಡು ಹೋದಳು. ತರಗತಿಯಲ್ಲಿ ಏನಾಗಿರಬಹುದು ಎಂಬುದನ್ನು ನಾವು ವಿವರಿಸಬೇಕಿಲ್ಲ.

ಇದು ಕೇಳಲು ತಮಾಷೆ. ಆದರೆ ಇದರಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಹಾವು, ಹಲ್ಲಿ ಸಾಕುವವರಿಗೆ ಮೊದಲ ಸವಾಲು ಅವುಗಳ ಹೊಟ್ಟೆ ತುಂಬಿಸುವುದು. ನಾಯಿ ಹಸಿದರೆ ಬಾಲ ಆಡಿಸಿಕೊಂಡು ಬರುತ್ತದೆ. ಹಾವು ಹಾಗೆ ಮಾಡುವುದಿಲ್ಲ. ಅದಕ್ಕೆ ಏನು ಬೇಕು ಎಂಬುದನ್ನು ದಿನಗಟ್ಟಲೆ ನೋಡಿಯೇ ತಿಳಿಯಬೇಕು. ಜೋನ್ ಆ ನೋಡುವ ಅಭ್ಯಾಸವನ್ನು ಬಾಲ್ಯದಲ್ಲೇ ಮಾಡಿಕೊಂಡಳು.

ಕಾಲೇಜು ತಪ್ಪಿಸಿದ ಕಾಯಿಲೆ

ಜೋನ್ ಓದಿನಲ್ಲಿ ಮುಂದಿದ್ದಳು. ಕೇಂಬ್ರಿಡ್ಜ್‌ಗೆ ಹೋಗುವ ಆಸೆ ಇತ್ತು. ಆದರೆ ಚಿಕ್ಕಂದಿನಿಂದಲೂ ಕರುಳಿನ ಕಾಯಿಲೆ. ಶಾಲೆ ಮತ್ತೆ ಮತ್ತೆ ತಪ್ಪುತ್ತಿತ್ತು. ಕಾಯಿಲೆಯ ಕಾರಣಕ್ಕೇ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು.

ಇನ್ನೊಂದು ಬಾಗಿಲು ತೆರೆದವರು ಜಾರ್ಜ್ ಬುಲಾಂಜೆ. ಅವರು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಸರೀಸೃಪ ಮತ್ತು ಮೀನುಗಳ ವಿಭಾಗ ನೋಡಿಕೊಳ್ಳುತ್ತಿದ್ದ ದೊಡ್ಡ ವಿಜ್ಞಾನಿ. ಭಾರತದ ಹಾವು, ಹಲ್ಲಿ, ಕಪ್ಪೆಗಳ ಬಗ್ಗೆ ಅವರು 1890ರಲ್ಲೇ ಒಂದು ದೊಡ್ಡ ಗ್ರಂಥ ಬರೆದಿದ್ದರು. ನಮ್ಮ ಪಶ್ಚಿಮ ಘಟ್ಟದ ಎಷ್ಟೋ ಜೀವಿಗಳಿಗೆ ವೈಜ್ಞಾನಿಕ ಹೆಸರು ಕೊಟ್ಟವರೂ ಅವರೇ. ಶಾಲಾ ಹುಡುಗಿಯೊಬ್ಬಳು ಹಾವುಗಳ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಅವರು ತಳ್ಳಿಹಾಕಲಿಲ್ಲ. 1916ರಲ್ಲಿ ಅವಳನ್ನು ತಮ್ಮ ವಿಭಾಗಕ್ಕೆ ಸಹಾಯಕಿಯಾಗಿ ಕರೆದುಕೊಂಡರು.

ಅಲ್ಲಿಂದ ಜೋನ್ ಹಿಂದೆ ನೋಡಲಿಲ್ಲ. 19ರ ವಯಸ್ಸಿನಲ್ಲಿ ಲಂಡನ್ ಪ್ರಾಣಿಶಾಸ್ತ್ರ ಸಂಘದಲ್ಲಿ ತಮ್ಮ ಮೊದಲ ಪ್ರಬಂಧ ಮಂಡಿಸಿದರು. ವಿಷಯ: ಅಮೆರಿಕ ಖಂಡದ ಮಂಡಲ ಜಾತಿಯ ಒಂದು ವಿಷದ ಹಾವು. 1920ರಲ್ಲಿ ಬುಲಾಂಜೆ ನಿವೃತ್ತರಾದಾಗ ಸರೀಸೃಪಗಳ ಕೆಲಸವನ್ನು 23 ವರ್ಷದ ಜೋನ್ ವಹಿಸಿಕೊಂಡರು. ಅವರಿಗೆ ಪದವಿ ಇರಲಿಲ್ಲ. ಕೈಯಲ್ಲಿ ಕೆಲಸ ಇತ್ತು.

ಮ್ಯೂಸಿಯಂನಿಂದ ಮೃಗಾಲಯಕ್ಕೆ

ಮ್ಯೂಸಿಯಂನಲ್ಲಿರುವ ಹಾವು ಗಾಜಿನ ಜಾಡಿಯೊಳಗೆ ಮದ್ಯಸಾರದಲ್ಲಿ ಮುಳುಗಿರುತ್ತದೆ. ಅದಕ್ಕೆ ಊಟ ಬೇಡ, ಬಿಸಿಲು ಬೇಡ. ಮೃಗಾಲಯದ ಹಾವಿಗೆ ಎರಡೂ ಬೇಕು. ಆಗ ಲಂಡನ್ ಮೃಗಾಲಯದ ಮುಖ್ಯಸ್ಥರಾಗಿದ್ದವರು ಪೀಟರ್ ಚಾಮರ್ಸ್ ಮಿಚೆಲ್. 1923ರಲ್ಲಿ ಅವರು ಜೋನ್ ಅವರನ್ನು ಸರೀಸೃಪ ವಿಭಾಗದ ಮೇಲ್ವಿಚಾರಕಿಯಾಗಿ ನೇಮಿಸಿದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರು. ವಯಸ್ಸು 26.

ಪತ್ರಿಕೆಗಳಿಗೆ ಇದು ಹಬ್ಬವಾಯಿತು. ಹೆಣ್ಣುಮಗಳೊಬ್ಬಳು ಹೆಬ್ಬಾವು ಹಿಡಿಯುತ್ತಾಳಂತೆ, ಮೊಸಳೆಗೆ ಚಿಕಿತ್ಸೆ ಕೊಡುತ್ತಾಳಂತೆ ಎಂದು ದೇಶವಿದೇಶಗಳಲ್ಲಿ ಸುದ್ದಿಯಾಯಿತು. ಅಂದಿನ ಫಾರ್ವರ್ಡ್ ಎಂದರೆ ಪತ್ರಿಕೆಯ ತುಣುಕು. ಆದರೆ ಜೋನ್ ಅವರ ನಿಜವಾದ ಸಾಧನೆ ಧೈರ್ಯದ್ದಲ್ಲ, ತಾಳ್ಮೆಯದು. ಕಾಯಿಲೆ ಬಿದ್ದ ಹಾವು, ಉಡಗಳನ್ನು ಪರೀಕ್ಷಿಸಿ, ಅವುಗಳ ರೋಗ ಪತ್ತೆಹಚ್ಚಿ, ಕೈಯಾರೆ ಚಿಕಿತ್ಸೆ ಮಾಡುವುದರಲ್ಲಿ ಅವರು ಪಳಗಿದರು.

ಇದೇ ಮೃಗಾಲಯದಲ್ಲಿ ಅದಕ್ಕೂ ಮುಂಚೆ ಇನ್ನೊಂದು ಬದಲಾವಣೆ ಆಗಿತ್ತು. ಹಾವುಗಳಿಗೆ ಜೀವಂತ ಪ್ರಾಣಿಗಳನ್ನೇ ಹಾಕಬೇಕೆಂಬ ನಂಬಿಕೆ ಆ ಕಾಲದಲ್ಲಿ ಗಟ್ಟಿಯಾಗಿತ್ತು. ಮಿಚೆಲ್ ಮತ್ತು ಅವರ ಸಹೋದ್ಯೋಗಿ ಪೋಕಾಕ್ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. 1907ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಸತ್ತ ಆಹಾರವನ್ನೂ ಹಾವುಗಳು ತಿನ್ನುತ್ತವೆ ಎಂಬುದು ಅವರು ಕಂಡುಕೊಂಡ ವಿಷಯ. ಇಂದಿಗೂ ಹಾವು ಸಾಕುವ ಅನೇಕರು ಜೀವಂತ ಇಲಿ ಹಾಕದಿದ್ದರೆ ಹಾವು ತಿನ್ನುವುದೇ ಇಲ್ಲ ಎಂದು ವಾದಿಸುತ್ತಾರೆ. ಆ ವಾದಕ್ಕೆ 100 ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿದೆ. ಜೊತೆಗೆ ಇನ್ನೊಂದು ಅಪಾಯವೂ ಇದೆ: ಹಸಿವಿಲ್ಲದ ಹಾವಿನ ಪೆಟ್ಟಿಗೆಯಲ್ಲಿ ಜೀವಂತ ಇಲಿ ಬಿಟ್ಟರೆ, ಇಲಿಯೇ ಹಾವನ್ನು ಕಚ್ಚಿ ಗಾಯ ಮಾಡಬಹುದು.

ಹಾವಿಗೆ ಮೊದಲು ಮನೆ, ಆಮೇಲೆ ಊಟ

ಲಂಡನ್ ಮೃಗಾಲಯದಲ್ಲಿ 1849ರಲ್ಲೇ ಸರೀಸೃಪಗಳಿಗೆ ಒಂದು ಮನೆ ಇತ್ತು. 1883ರಲ್ಲಿ ಇನ್ನೊಂದು ಕಟ್ಟಿದರು. ಆದರೆ ಜೋನ್ ಬರುವ ಹೊತ್ತಿಗೆ ಅದೂ ಹಳೆಯದಾಗಿತ್ತು. ಹೊಸದು ಬೇಕೆಂದು ನಿರ್ಧಾರವಾಯಿತು.

ಜೋನ್ ಅವರಿಗೆ ಚಿತ್ರಕಲೆ ಮತ್ತು ಮಾದರಿ ತಯಾರಿಕೆ ಎರಡೂ ಬರುತ್ತಿತ್ತು. ಮೃಗಾಲಯದ ಮತ್ಸ್ಯಾಲಯಕ್ಕೆ ಬಂಡೆಗಳ ವಿನ್ಯಾಸ ಮಾಡಿಕೊಟ್ಟು ಅದಾಗಲೇ ಸೈ ಎನಿಸಿಕೊಂಡಿದ್ದರು. ಈಗ ಇಡೀ ಕಟ್ಟಡದ ಯೋಜನೆಯನ್ನೇ ಅವರು ರೂಪಿಸಿದರು. ವಾಸ್ತುಶಿಲ್ಪಿ ಗೈ ಡಾಬರ್ ಜೊತೆಗೂಡಿದರು. 1927ರಲ್ಲಿ ಹೊಸ ಸರೀಸೃಪ ಮನೆ ಸಾರ್ವಜನಿಕರಿಗೆ ತೆರೆಯಿತು.

ಅದರಲ್ಲಿ ಅಂಥದ್ದೇನಿತ್ತು? ಮೂರು ವಿಷಯ.

ಮೊದಲನೆಯದು ಬಿಸಿ. ವಿದ್ಯುತ್ ಬಳಸಿ ಗೂಡುಗಳಲ್ಲಿ ಬೆಚ್ಚನೆಯ ಜಾಗಗಳನ್ನು ಮಾಡಲಾಯಿತು. ಮರುಭೂಮಿಯ ಹಾವಿಗೂ ಮಳೆಕಾಡಿನ ಹಾವಿಗೂ ಒಂದೇ ಬಿಸಿ ಕೊಡುವ ಪದ್ಧತಿ ಹೋಯಿತು. ಪ್ರಾಣಿ ತನಗೆ ಬೇಕೆನಿಸಿದಾಗ ಬೆಚ್ಚನೆಯ ಜಾಗಕ್ಕೆ ಹೋಗಬಹುದು, ಸಾಕೆನಿಸಿದಾಗ ಸರಿಯಬಹುದು.

ಎರಡನೆಯದು ಬೆಳಕು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣವನ್ನು ಮಾಮೂಲಿ ಗಾಜು ತಡೆಯುತ್ತದೆ. ಅದನ್ನು ಒಳಗೆ ಬಿಡುವ ವಿಶೇಷ ಗಾಜನ್ನು ಇಲ್ಲಿ ಬಳಸಿದರು. ಜನ ನಿಲ್ಲುವ ಜಾಗ ಕತ್ತಲಾಗಿತ್ತು, ಗೂಡುಗಳ ಒಳಗೆ ಮಾತ್ರ ಬೆಳಕು. ಹೀಗಾಗಿ ನೋಡುವವರಿಗೆ ಪ್ರಾಣಿ ಚೆನ್ನಾಗಿ ಕಾಣುತ್ತಿತ್ತು.

ಮೂರನೆಯದು ಗೂಡಿನ ಒಳಾಂಗಣ. ಬಂಡೆ, ಹಿನ್ನೆಲೆಯ ಚಿತ್ರ, ನೆಲ ಇವೆಲ್ಲ ಆ ಪ್ರಾಣಿಯ ಊರನ್ನು ಹೋಲುವಂತೆ ಇದ್ದವು.

ನಮ್ಮ ಫಾರ್ವರ್ಡ್‌ಗೂ ಇದಕ್ಕೂ ಏನು ಸಂಬಂಧ ಅಂತೀರಾ? ಇದೇ ಉತ್ತರ. ಸಾಕಿದ ಹಾವು ಊಟ ಬಿಟ್ಟಿದೆ ಎಂದರೆ ಸಾಮಾನ್ಯವಾಗಿ ತಪ್ಪು ಇರುವುದು ಹಾವಿನ ಮನಸ್ಸಿನಲ್ಲಲ್ಲ, ಅದರ ಮನೆಯಲ್ಲಿ.

ನಮ್ಮ ದೇಹ ತನ್ನ ಬಿಸಿಯನ್ನು ತಾನೇ ಉಂಟುಮಾಡಿಕೊಳ್ಳುತ್ತದೆ. ಹಾವಿನ ದೇಹ ಬಿಸಿಯನ್ನು ಹೊರಗಿನಿಂದ ಪಡೆಯಬೇಕು. ಬಿಸಿ ಸಾಲದಿದ್ದರೆ ಜೀರ್ಣಕ್ರಿಯೆ ನಡೆಯುವುದಿಲ್ಲ. ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯಬಹುದು. ಆದ್ದರಿಂದ ತಣ್ಣಗಿರುವಾಗ ಹಾವು ಊಟ ಬೇಡವೆನ್ನುವುದು ಹಟವಲ್ಲ, ಜೀವ ಉಳಿಸಿಕೊಳ್ಳುವ ಬುದ್ಧಿ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವನ್ನೇ ತೆಗೆದುಕೊಳ್ಳಿ. ಇಂದು ಜಗತ್ತಿನಲ್ಲಿ ಹೆಚ್ಚು ಸಾಕಲಾಗುತ್ತಿರುವ ಹಾವುಗಳಲ್ಲಿ ಇದೂ ಒಂದು. ಅದರ ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಬೇಕು. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಉಷ್ಣಾಂಶ 15–16 ಡಿಗ್ರಿಗೆ ಇಳಿಯುತ್ತದೆ. ಬಿಸಿಯ ವ್ಯವಸ್ಥೆ ಇಲ್ಲದೆ ಇಟ್ಟರೆ ಆ ಹಾವು ತಿನ್ನುವುದಾದರೂ ಹೇಗೆ?

ಕೈಯಿಂದ ತಿಂದ ಡ್ರ್ಯಾಗನ್

1927ರಲ್ಲೇ ಲಂಡನ್ನಿಗೆ ಇಬ್ಬರು ವಿಶೇಷ ಅತಿಥಿಗಳು ಬಂದರು: ಇಂಡೋನೇಷ್ಯಾದ ಎರಡು ಕೊಮೊಡೊ ಡ್ರ್ಯಾಗನ್‌ಗಳು. ಇವು ಜಗತ್ತಿನ ಅತಿ ದೊಡ್ಡ ಉಡಗಳು. ವಿಜ್ಞಾನ ಲೋಕಕ್ಕೆ ಅವುಗಳ ಪರಿಚಯವಾಗಿದ್ದೇ 1912ರಲ್ಲಿ. ಹಾಗಾಗಿ ಅವುಗಳ ಸುತ್ತ ಭಯಂಕರ ಕಥೆಗಳು ಹುಟ್ಟಿಕೊಂಡಿದ್ದವು. ಮನುಷ್ಯರನ್ನು ಕಂಡರೆ ಮೇಲೆ ಬೀಳುತ್ತವೆ ಎಂದೇ ಜನ ನಂಬಿದ್ದರು.

ಆ ಎರಡಕ್ಕೆ ಸುಂಬಾವಾ ಮತ್ತು ಸುಂಬಾ ಎಂದು ಹೆಸರಿಟ್ಟರು. ಜೋನ್ ಅವುಗಳ ಜೊತೆ ದಿನಾ ಸಮಯ ಕಳೆದರು. ಮೆಲ್ಲಗೆ ಪಳಗಿಸಿದರು. 1928ರ ಅಕ್ಟೋಬರ್ 23ರಂದು ಪ್ರಾಣಿಶಾಸ್ತ್ರ ಸಂಘದ ವೈಜ್ಞಾನಿಕ ಸಭೆಗೆ ಸುಂಬಾವಾವನ್ನು ಕರೆತಂದರು. ವಿಜ್ಞಾನಿಗಳ ಎದುರು ಅದು ಜೋನ್ ಅವರ ಕೈಯಿಂದಲೇ ಮೊಟ್ಟೆ, ಕೋಳಿ, ಪಾರಿವಾಳ ತಿಂದಿತು. ತಿನ್ನುವಾಗ ಅವರು ಅದರ ಮೈ ಸವರುತ್ತಿದ್ದರು. ಮುಂದೆ ಮೃಗಾಲಯದ ಹಾದಿಯಲ್ಲಿ ಜನರ ನಡುವೆಯೇ ಅವರು ಅದನ್ನು ನಡೆದಾಡಿಸುತ್ತಿದ್ದರು. ಬಾಲ ಹಿಡಿದು ದಿಕ್ಕು ತೋರಿಸುತ್ತಿದ್ದರಂತೆ.

ದಯವಿಟ್ಟು ಇದನ್ನು ಯಾರೂ ಅನುಕರಿಸಬೇಡಿ. ಕೊಮೊಡೊ ಡ್ರ್ಯಾಗನ್ ಕಡಿತ ಅಪಾಯಕಾರಿ ಎಂಬುದು ನಿಜ. ನಾವು ಇಲ್ಲಿ ಹೇಳಹೊರಟಿದ್ದು ಬೇರೆ. ಒಂದು ಪ್ರಾಣಿ ಎಲ್ಲರೆದುರು ನೆಮ್ಮದಿಯಿಂದ ಊಟ ಮಾಡಿತು ಎಂದರೆ, ಅದರ ಹಿಂದೆ ತಿಂಗಳುಗಟ್ಟಲೆ ಸರಿಯಾದ ಬಿಸಿ, ಸರಿಯಾದ ಜಾಗ, ಗಡಿಬಿಡಿ ಇಲ್ಲದ ಪರಿಚಯ ಇರುತ್ತದೆ. ಹೆದರಿದ ಪ್ರಾಣಿ ಉಣ್ಣುವುದಿಲ್ಲ. ಹಾವಿಗಂತೂ ಈ ಮಾತು ಇನ್ನೂ ಹೆಚ್ಚು ಅನ್ವಯ. ಮನೆಗೆ ತಂದ ದಿನದಿಂದ ಬಂದವರಿಗೆಲ್ಲ ಎತ್ತಿ ತೋರಿಸಿ, ಕೊರಳಿಗೆ ಸುತ್ತಿ ರೀಲ್ಸ್ ಮಾಡಿ, ರಾತ್ರಿ ಇಲಿ ಹಾಕಿದರೆ ಹಾವು ಮುಖ ತಿರುಗಿಸುತ್ತದೆ.

ಕೊನೆಯ ವರ್ಷಗಳು

ಇಷ್ಟೆಲ್ಲ ಮಾಡುತ್ತಿದ್ದಾಗ ಜೋನ್ ಅವರ ಆರೋಗ್ಯ ಚೆನ್ನಾಗಿರಲಿಲ್ಲ. ಬಾಲ್ಯದ ಕಾಯಿಲೆ ಅವರನ್ನು ಬಿಟ್ಟಿರಲೇ ಇಲ್ಲ. ನೋವು ದಿನನಿತ್ಯದ ಸಂಗಾತಿ. ಆದರೂ ಮೃಗಾಲಯದ ಕೆಲಸ, ಬರವಣಿಗೆ, ಸಂಶೋಧನೆ ನಿಲ್ಲಲಿಲ್ಲ. ವಿಜ್ಞಾನಿಗಳಿಗಾಗಿ ಬರೆದಂತೆ ಸಾಮಾನ್ಯ ಓದುಗರಿಗಾಗಿಯೂ ಬರೆದರು. ಕೊಮೊಡೊ ಡ್ರ್ಯಾಗನ್ ಬಗ್ಗೆ ಜನರಲ್ಲಿದ್ದ ತಪ್ಪು ಕಲ್ಪನೆಗಳನ್ನು ತಿದ್ದಲು ಅವರ ಲೇಖನಗಳು ನೆರವಾದವು.

ಕೇಂಬ್ರಿಡ್ಜ್‌ಗೆ ಹೋಗಲಾಗದ ಅವರಿಗೆ 1931ರಲ್ಲಿ ಷಿಕಾಗೋ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ಅವರು ತೀರಿಕೊಂಡರು. ಆಗ ವಯಸ್ಸು ಕೇವಲ 34. ಸುಂಬಾವಾ ಅವರ ನಂತರವೂ ಬದುಕಿತ್ತು, 1934ರಲ್ಲಿ ಸತ್ತಿತು. ಸರೀಸೃಪ ಮನೆಯಲ್ಲಿ ಜೋನ್ ಅವರ ಅಮೃತಶಿಲೆಯ ಪುತ್ಥಳಿ ಇಡಲಾಯಿತು.

ಜೀವನವಿಡೀ ಹೊಟ್ಟೆಯ ನೋವಿನಿಂದ ಬಳಲಿದ ಒಬ್ಬ ಹೆಣ್ಣುಮಗಳು, ಬೇರೆ ಜೀವಿಗಳು ನೆಮ್ಮದಿಯಿಂದ ಉಂಡು ಅರಗಿಸಿಕೊಳ್ಳುವಂಥ ಮನೆ ಕಟ್ಟಿಕೊಟ್ಟರು. ಮುಂದೆ ಮೃಗಾಲಯಗಳಲ್ಲಿ ಹಾವುಗಳನ್ನು ಇಡುವ ರೀತಿ ಬದಲಾಗಲು ಇಂಥ ಕೆಲಸಗಳೇ ದಾರಿ ಮಾಡಿದವು.

ಹಾಗಾದರೆ ಫಾರ್ವರ್ಡ್‌ನಲ್ಲಿ ಇರುವುದೆಲ್ಲ ಸುಳ್ಳೇ?

ಒಂದೊಂದಾಗಿ ನೋಡೋಣ.

ಹಾವು ಊಟ ಬಿಡುತ್ತದೆ ಎಂಬುದು ನಿಜ. ಹಾವು ನಮ್ಮಂತೆ ದಿನಕ್ಕೆ ಮೂರು ಹೊತ್ತು ಉಣ್ಣುವ ಪ್ರಾಣಿಯಲ್ಲ. ಚಳಿಗಾಲದಲ್ಲಿ, ಮಿಲನದ ಕಾಲದಲ್ಲಿ, ಪೊರೆ ಬಿಡುವ ಮುನ್ನ ಊಟ ಬಿಡುವುದು ಸಹಜ. ಆರೋಗ್ಯವಾಗಿರುವ ದೊಡ್ಡ ಬಾಲ್ ಪೈಥಾನ್ ಕೆಲವು ತಿಂಗಳು ಉಪವಾಸ ಇರಬಲ್ಲದು. ಉಪವಾಸದ ವೇಳೆ ಹಾವುಗಳು ತಮ್ಮ ದೇಹದ ಶಕ್ತಿಯ ಖರ್ಚನ್ನೇ ತಗ್ಗಿಸಿಕೊಳ್ಳುತ್ತವೆ. ಆರು ತಿಂಗಳು ಆಹಾರವಿಲ್ಲದೆ ಇದ್ದ ಹಾವುಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ಈ ಖರ್ಚು ಶೇ 72ರವರೆಗೂ ಇಳಿದಿದ್ದು ಕಂಡುಬಂದಿತ್ತು.

ದೊಡ್ಡ ಬೇಟೆಗಾಗಿ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ ಎಂಬುದು ಸುಳ್ಳು. ಹಾವು ಮುಂದಿನ ವಾರದ ಊಟಕ್ಕೆ ಇಂದೇ ಯೋಜನೆ ಹಾಕುವುದಿಲ್ಲ. ಹೆಬ್ಬಾವಿನ ಹೃದಯ, ಯಕೃತ್ತು, ಕರುಳು ದೊಡ್ಡದಾಗುವುದು ಊಟ ನುಂಗಿದ ಮೇಲೆ, ಮೊದಲಲ್ಲ.

ಅಳತೆ ತೆಗೆದುಕೊಳ್ಳುತ್ತದೆ ಎಂಬುದೂ ಸುಳ್ಳು. ಹೆಬ್ಬಾವು ಹೊಂಚು ಹಾಕಿ ಹಿಡಿಯುವ ಪ್ರಾಣಿ. ಬೇಟೆಯ ಪಕ್ಕದಲ್ಲಿ ಮಲಗಿ ಅಳತೆ ತೆಗೆದುಕೊಳ್ಳುತ್ತಾ ಕುಳಿತರೆ ಬೇಟೆ ಓಡಿಹೋಗುವುದಿಲ್ಲವೇ? ಮನುಷ್ಯರ ಪಕ್ಕಕ್ಕೆ ಬಂದು ಚಾಚಿಕೊಂಡರೆ ಅದು ನಮ್ಮ ಮೈ ಬಿಸಿಗಾಗಿ ಇರಬಹುದು. ಅಂದರೆ ಅದರ ಪೆಟ್ಟಿಗೆಯಲ್ಲಿ ಬಿಸಿ ಸಾಲುತ್ತಿಲ್ಲ ಎಂಬ ಸೂಚನೆ.

ಹೆಬ್ಬಾವು ಮನುಷ್ಯರನ್ನು ನುಂಗಿದ್ದೇ ಇಲ್ಲವಾ? ಇಂಡೋನೇಷ್ಯಾದಲ್ಲಿ ಕಾಡಿನ ಜಾಲರಿ ಹೆಬ್ಬಾವುಗಳಿಂದ ಇಂಥ ಕೆಲವು ಪ್ರಕರಣಗಳು ನಡೆದಿವೆ. ಆದರೆ ಅವು ತೀರಾ ಅಪರೂಪ. ಅಲ್ಲಿರುವುದು ಜಗತ್ತಿನ ಅತಿ ಉದ್ದದ ಹಾವು. ಒಂದರಿಂದ ಒಂದೂವರೆ ಮೀಟರ್ ಉದ್ದದ ಬಾಲ್ ಪೈಥಾನ್‌ಗೆ ಮನುಷ್ಯರನ್ನು ನುಂಗುವ ಸಾಮರ್ಥ್ಯವೇ ಇಲ್ಲ.

ಸಾಕಿದ ಹಾವು ತಿನ್ನುತ್ತಿಲ್ಲವೇ? ಈ ಕ್ರಮದಲ್ಲಿ ನೋಡಿ

ವಿದೇಶಗಳಲ್ಲಿರುವ ನಮ್ಮ ಕೆಲವು ಓದುಗರ ಮನೆಯಲ್ಲಿ, ಕಾನೂನಿನ ಪ್ರಕಾರ ನೋಂದಣಿ ಮಾಡಿಸಿ ವಿದೇಶಿ ಹಾವು ಸಾಕುತ್ತಿರುವ ಇಲ್ಲಿನ ಕೆಲವರ ಮನೆಯಲ್ಲಿ ಈ ಸಮಸ್ಯೆ ನಿಜಕ್ಕೂ ಇರುತ್ತದೆ. ಅವರಿಗಾಗಿ:

1. ಮೊದಲು ಉಷ್ಣಾಂಶ ಅಳೆಯಿರಿ. ಕೈಯಿಟ್ಟು ಅಂದಾಜು ಮಾಡಬೇಡಿ, ಥರ್ಮಾಮೀಟರ್ ಬಳಸಿ. ಎರಡೂ ತುದಿಯಲ್ಲಿ ಅಳೆಯಿರಿ.
2. ಅವಿತುಕೊಳ್ಳಲು ಜಾಗ ಇದೆಯೇ ನೋಡಿ. ಬೆಚ್ಚನೆಯ ತುದಿಯಲ್ಲಿ ಒಂದು, ತಣ್ಣನೆಯ ತುದಿಯಲ್ಲಿ ಒಂದು ಇರಬೇಕು. ಹಾವಿನ ಮೈ ಅದಕ್ಕೆ ತಾಗುವಷ್ಟು ಚಿಕ್ಕದಾಗಿದ್ದರೆ ಒಳ್ಳೆಯದು.
3. ಕಣ್ಣು ನೋಡಿ. ಕಣ್ಣು ಮಸುಕಾಗಿ ನೀಲಿ ಬಣ್ಣಕ್ಕೆ ತಿರುಗಿದ್ದರೆ ಪೊರೆ ಬಿಡುವ ಸಮಯ. ಅದು ಮುಗಿಯುವ ತನಕ ಊಟ ಕೊಡಬೇಡಿ.
4. ಹೊಸದಾಗಿ ತಂದಿದ್ದರೆ ಒಂದು ವಾರವಾದರೂ ಮುಟ್ಟಬೇಡಿ. ಆಮೇಲೆ ಊಟ ಇಟ್ಟು ನೋಡಿ.
5. ಆಹಾರದ ಗಾತ್ರ ನೋಡಿ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪವಿದ್ದರೆ ಸಾಕು. ಫ್ರೀಜರ್‌ನಿಂದ ತೆಗೆದದ್ದನ್ನು ಪೂರ್ತಿ ಕರಗಿಸಿ, ಬಿಸಿ ನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ರಾತ್ರಿ ಹೊತ್ತು ಕೊಡಿ.
6. ವಾರಕ್ಕೊಮ್ಮೆ ತೂಕ ಮಾಡಿ ಬರೆದಿಡಿ. ತೂಕ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಗಾಬರಿ ಬೇಡ.
7. ತಿಂದ ಮೇಲೆ ಎರಡು ದಿನ ಕೈಯಲ್ಲಿ ಎತ್ತಬೇಡಿ. ತಿಂದದ್ದನ್ನು ಕಾರಿಕೊಂಡರೆ ಎರಡು ವಾರ ಬಿಟ್ಟು, ಚಿಕ್ಕ ಗಾತ್ರದ ಆಹಾರದಿಂದ ಶುರು ಮಾಡಿ.

ಬಾಯಿ ತೆರೆದು ಉಸಿರಾಡುವುದು, ಬಾಯಲ್ಲಿ ಲೋಳೆ ಅಥವಾ ಕೀವು, ಪದೇ ಪದೇ ಕಾರಿಕೊಳ್ಳುವುದು, ತೂಕ ಶೇ 10ಕ್ಕಿಂತ ಹೆಚ್ಚು ಇಳಿಯುವುದು ಇವುಗಳಲ್ಲಿ ಯಾವುದು ಕಂಡರೂ ಸರೀಸೃಪಗಳ ಬಗ್ಗೆ ಗೊತ್ತಿರುವ ಪಶುವೈದ್ಯರ ಬಳಿ ಹೋಗಿ. ಮರಿ ಹಾವುಗಳ ವಿಷಯದಲ್ಲಿ ತಡ ಮಾಡಬೇಡಿ, ಅವಕ್ಕೆ ದೊಡ್ಡ ಹಾವಿನಷ್ಟು ದಾಸ್ತಾನು ಇರುವುದಿಲ್ಲ. ಬಾಯಿ ಬಿಡಿಸಿ ಬಲವಂತವಾಗಿ ತುರುಕುವುದನ್ನು ಮಾತ್ರ ನೀವೇ ಮಾಡಬೇಡಿ. ಬಾಯಿ, ಅನ್ನನಾಳಕ್ಕೆ ಗಾಯವಾಗಿ ಹಾವು ಸಾಯಬಹುದು.

ನಮ್ಮೂರಿನ ಹಾವು, ನಮ್ಮೂರಿನ ಹಾಲು

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ನಾಗರಹಾವು, ಕೇರೆಹಾವು, ನಮ್ಮ ಕಾಡಿನ ಹೆಬ್ಬಾವು ಇವನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವುಗಳಿಗೂ 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಗಿನೊಳಗೆ ತುಂಬಿ ತಂದ ಹೆಬ್ಬಾವುಗಳನ್ನು ಕಸ್ಟಮ್ಸ್ ಅಧಿಕಾರಿಗಳು ಹಿಡಿದ ಸುದ್ದಿ ನೀವು ಓದಿರುತ್ತೀರಿ. ಹಾಗೆ ಬಟ್ಟೆಯಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿ ಸಾಗಿಸಿದ ಹಾವು ಊಟ ಬಿಡದೆ ಇನ್ನೇನು ಮಾಡೀತು?

ಇನ್ನು ಹಾಲು. ನಾಗರ ಪಂಚಮಿಯ ಹೊತ್ತಿಗೆ ಹಾವು ಹಾಲು ಕುಡಿಯುವ ವಿಡಿಯೋಗಳು ಬರುತ್ತವೆ. ಹಾವಿನ ಆಹಾರ ಇಲಿ, ಕಪ್ಪೆ, ಹಲ್ಲಿ, ಹಕ್ಕಿ, ಮೊಟ್ಟೆ. ಹಾಲು ಅದರ ಆಹಾರವೇ ಅಲ್ಲ. ಹಾವಾಡಿಸುವವರು ದಿನಗಟ್ಟಲೆ ನೀರು ಕೊಡದೆ ಬಾಯಾರಿಸಿದ ಹಾವು ಎದುರಿಗಿಟ್ಟ ಯಾವ ದ್ರವಕ್ಕಾದರೂ ಬಾಯಿ ಹಾಕುತ್ತದೆ. ಅದನ್ನು ಭಕ್ತಿ ಎಂದು ನಾವು ಅಂದುಕೊಳ್ಳುತ್ತೇವೆ, ಹಾವಿಗೆ ಅದು ಸಂಕಟ. ನಾಗನ ಮೇಲಿನ ಗೌರವ ತೋರಿಸಲು ಹುತ್ತ ಅಗೆಯದೆ ಬಿಡುವುದು, ಬನ ಉಳಿಸುವುದು, ಹಾವು ಕಂಡರೆ ಹೊಡೆಯದಿರುವುದು ಸಾಕು.

ಮನೆಯೊಳಗೆ ಹಾವು ಬಂದರೆ ದೂರ ನಿಂತು ಅರಣ್ಯ ಇಲಾಖೆಗೆ ಅಥವಾ ತರಬೇತಿ ಪಡೆದ ಉರಗ ರಕ್ಷಕರಿಗೆ ಕರೆ ಮಾಡಿ. ಹಿಡಿದು ಡಬ್ಬದಲ್ಲಿಟ್ಟು ಹಾಲು, ಅನ್ನ ಹಾಕಿ ಉಪಚರಿಸಲು ಹೋಗಬೇಡಿ.

ಫಾರ್ವರ್ಡ್ ಮಾಡುವ ಮುನ್ನ

ಅಳತೆ ತೆಗೆಯುವ ಹೆಬ್ಬಾವಿನ ಕಥೆ ಕೇವಲ ತಮಾಷೆಯಲ್ಲ. ಅದನ್ನು ನಂಬಿದವರು ಹಸಿದ, ಚಳಿಯಲ್ಲಿರುವ, ಕಾಯಿಲೆ ಬಿದ್ದ ಒಂದು ಪ್ರಾಣಿಯನ್ನು ಕೊಲೆಗಡುಕನಂತೆ ನೋಡುತ್ತಾರೆ. ಕೆಲವರು ಹೊಡೆದು ಸಾಯಿಸುತ್ತಾರೆ. ಕೆಲವರು ಹೊರಗೆ ಬಿಟ್ಟುಬಿಡುತ್ತಾರೆ. ಎರಡೂ ತಪ್ಪು. ಹಾವು ಊಟ ಬಿಟ್ಟಾಗ ಅದು ನಮಗೆ ಹೇಳುತ್ತಿರುವುದು ಇಷ್ಟೇ: ನನ್ನ ಮನೆಯಲ್ಲಿ ಏನೋ ಸರಿಯಿಲ್ಲ, ಅಥವಾ ಇದು ನನ್ನ ಉಪವಾಸದ ಕಾಲ.

ಜೋನ್ ಪ್ರಾಕ್ಟರ್ ಅದನ್ನು ಕೇಳಿಸಿಕೊಂಡವರು. ಮುಂದಿನ ಸಲ ಆ ಫಾರ್ವರ್ಡ್ ಬಂದರೆ, ಅದನ್ನು ಮುಂದೆ ಕಳುಹಿಸುವ ಬದಲು ಇವರ ಕಥೆಯನ್ನು ಕಳುಹಿಸಿ.